ಕುದಿನೀರಲ್ಲಿ ಬಾಯಿಬಿಡುವ ಜಿಯಾವ್‌ಜಿ: ತಪ್ಪು ಮೈದಾದ್ದಲ್ಲ

ಪ್ರಶ್ನೆ: ನಮ್ಮವರ ಕೆಲಸದ ಮೇಲೆ ಎರಡು ವರ್ಷ ಚೀನಾದ ತಿಯಾನ್‌ಜಿನ್‌ನಲ್ಲಿ ಇದ್ದೆವು. ಅಲ್ಲಿನ ಹೊಸ ವರ್ಷದ ಹಿಂದಿನ ರಾತ್ರಿ ಪಕ್ಕದ ಮನೆಯ ಅಜ್ಜಿ ನಮ್ಮನ್ನೂ ಕೂರಿಸಿಕೊಂಡು ಜಿಯಾವ್‌ಜಿ, ಅಂದರೆ ಮೈದಾ ಹಾಳೆಯೊಳಗೆ ಹೂರಣ ತುಂಬಿ ಮಡಿಸಿದ ಚೀನೀ ಕಡುಬು (ಡಂಪ್ಲಿಂಗ್), ಮಾಡುತ್ತಿದ್ದರು. ಈಗ ಮೈಸೂರಿಗೆ ವಾಪಸ್ ಬಂದಿದ್ದೇವೆ. ಮಕ್ಕಳು ಅದನ್ನೇ ಕೇಳುತ್ತಾರೆ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಕೆಟ್ಟಿತು. ಕುದಿಯುವ ನೀರಿಗೆ ಹಾಕಿದರೆ ಅರ್ಧಕ್ಕರ್ಧ ಬಾಯಿಬಿಟ್ಟು ಹೂರಣ ನೀರುಪಾಲು. ಪ್ಯಾನ್‌ನಲ್ಲಿ ಮಾಡಿದರೆ ತಳ ಹಿಡಿದು ಹರಿಯುತ್ತವೆ. ಫ್ರೀಜರ್‌ನಲ್ಲಿಟ್ಟವು ಬಿರುಕು ಬಿಟ್ಟವು. ಹೋಳಿಗೆ ಕಣಕ ನನ್ನ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಇದಕ್ಕೂ ಹಾಗೇ ಎಣ್ಣೆ ಹಾಕಿ ಮೆತ್ತಗೆ ನಾದಿ, ಹೂರಣವನ್ನು ಬೆಳಿಗ್ಗೆಯೇ ಕಲಸಿಟ್ಟುಕೊಂಡು ಸಂಜೆ ತುಂಬುತ್ತೇನೆ. ನಮ್ಮ ಮೈದಾ ಇದಕ್ಕೆ ಆಗುವುದಿಲ್ಲವೇ? ಬಿಸಿನೀರಲ್ಲಿ ಕಲಸು ಅನ್ನುತ್ತಾರೆ ನಮ್ಮವರು, ವಿಡಿಯೊಗಳಲ್ಲಿ ತಣ್ಣೀರು ಅನ್ನುತ್ತಾರೆ. ಅತ್ತೆಯವರದು ಬೇರೆ ಹೆದರಿಕೆ: ಮೈದಾ ಕರುಳಿಗೆ ಅಂಟುತ್ತದೆ, ಹಸಿ ಚಿಕನ್ ಒಳಗಿಟ್ಟರೆ ಬೇಯುವುದಿಲ್ಲ, ಅಜಿನೊಮೊಟೊ ವಿಷ. ಇನ್ನೊಂದು ಸಣ್ಣ ಕುತೂಹಲ. ನಾವು ಊರಿಗೆ ಹೊರಟ ದಿನ ಬೆಳಿಗ್ಗೆ ಆರಕ್ಕೇ ಆ ಅಜ್ಜಿ ಬಾಗಿಲು ತಟ್ಟಿ ಒಂದು ಡಬ್ಬಿ ಬಿಸಿ ಜಿಯಾವ್‌ಜಿ ಕೊಟ್ಟು, ತಿಂದೇ ಹೋಗಬೇಕು ಅಂತ ಕೈಸನ್ನೆ ಮಾಡಿದರು. ಅದರಲ್ಲೇನಾದರೂ ಅರ್ಥ ಇತ್ತಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಉತ್ತರ ಚೀನಾದ ಮನೆಗಳಲ್ಲೂ ಜಿಯಾವ್‌ಜಿ ಒಡೆಯುತ್ತವೆ. ಅದಕ್ಕೆ ಅಂತಲೇ ಒಂದು ಮಾತಿದೆ. ಹೊಸ ವರ್ಷದ ರಾತ್ರಿ ಪಾತ್ರೆಯೊಳಗೆ ಒಂದು ಬಾಯಿಬಿಟ್ಟರೆ 'ಒಡೆಯಿತು' ಅನ್ನಲು ಹಿರಿಯರು ಬಿಡುವುದಿಲ್ಲ, ಅಪಶಕುನ. 'ಜೆಂಗ್' ಅನ್ನಬೇಕು. ಆ ಪದಕ್ಕೆ ಬಿರಿಯಿತು ಅಂತಲೂ ಆಗುತ್ತದೆ, ದುಡ್ಡು ಗಳಿಸಿತು ಅಂತಲೂ ಆಗುತ್ತದೆ. ಬಳೆ ಒಡೆದರೆ ನಮ್ಮಲ್ಲಿ 'ಬಳೆ ಹೆಚ್ಚಿತು' ಅನ್ನುತ್ತಾರಲ್ಲ, ಹಾಗೆಯೇ. ಆ ಲೆಕ್ಕದಲ್ಲಿ ನೀವು ನಾಲ್ಕು ಸಲ ಒಳ್ಳೆ ಗಳಿಕೆ ಮಾಡಿದ್ದೀರಿ.

ಹೋಟೆಲ್ ಅಡುಗೆಮನೆಗಳಲ್ಲಿ ಡಂಪ್ಲಿಂಗ್ ಮೇಜಿನ ಮುಂದೆ ನಿಂತು ನನಗೆ ಹದಿನಾಲ್ಕು ವರ್ಷ ಆಯಿತು. ಕಲಿಸಿದವರು ಚೀನಾದ ಷಾನ್‌ಡಾಂಗ್ ಕಡೆಯ ಒಬ್ಬ ಮಾಸ್ಟರ್. ಮಾತು ಕಡಿಮೆ, ಮೊಣಕೈಯಲ್ಲಿ ತಿವಿಯುವುದು ಜಾಸ್ತಿ. ನಿಮ್ಮ ಪತ್ರ ಅವರ ಕೈಗೆ ಸಿಕ್ಕಿದ್ದರೆ ಒಂದೇ ಪದ ಹೇಳುತ್ತಿದ್ದರು: ನೀರು. ಬಾಯಿಬಿಡುವುದು, ತಳ ಹಿಡಿಯುವುದು, ಬಿರುಕು, ಈ ಮೂರನ್ನೂ ನೀವು ಬೇರೆ ಬೇರೆ ಅಂದುಕೊಂಡಿದ್ದೀರಿ. ಮೂರರ ಹಿಂದೆಯೂ ನೀರಿದೆ. ಇರಬೇಕಾದ ಕಡೆ ಇಲ್ಲ, ಇರಬಾರದ ಕಡೆ ಇದೆ.

ಮೈದಾವನ್ನು ಬೈಯಬೇಡಿ. ನಮ್ಮ ಅಂಗಡಿಯ ಮಾಮೂಲಿ ಮೈದಾದಲ್ಲೇ ನಾನು ದಿನವೂ ಮಾಡುತ್ತೇನೆ. ಅದರಲ್ಲಿ ನೂರಕ್ಕೆ ಹತ್ತು ಭಾಗದ ಆಸುಪಾಸು ಪ್ರೋಟೀನ್ ಇರುತ್ತದೆ, ಜಿಯಾವ್‌ಜಿಗೆ ಅಷ್ಟು ಸಾಕು. ನಿಮಗೆ ಅಡ್ಡ ಬಂದದ್ದು ನಿಮ್ಮ ಹೋಳಿಗೆ ಕೈ. ಬೇಜಾರು ಮಾಡಿಕೊಳ್ಳಬೇಡಿ, ಹೋಳಿಗೆ ಚೆನ್ನಾಗಿ ಮಾಡುವವರೆಲ್ಲ ಇಲ್ಲಿ ಎಡವುತ್ತಾರೆ. ಹೋಳಿಗೆ ಕಣಕಕ್ಕೆ ನೀರು ಜಾಸ್ತಿ, ಎಣ್ಣೆಯಂತೂ ಇನ್ನೂ ಜಾಸ್ತಿ. ಎಳೆದ ಕಡೆ ಹರಡಬೇಕು, ಹೂರಣದ ಸುತ್ತ ತೆಳ್ಳಗೆ ಜಾರಬೇಕು. ಅದು ಬೇಯುವುದು ಒಣ ಕಾವಲಿ ಮೇಲೆ, ಹಾಗಾಗಿ ಸ್ವಲ್ಪ ಬಾಯಿಬಿಟ್ಟರೂ ಏನೂ ಆಗುವುದಿಲ್ಲ. ಜಿಯಾವ್‌ಜಿ ಬೇಯುವುದು ಕುದಿಯುವ ನೀರೊಳಗೆ. ಆ ಕಣಕ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಅಂಚಿಗೆ ಅಂಚು ಅಂಟಬೇಕು. ಎಣ್ಣೆ ಬಿದ್ದ ಅಂಚು ಅಂಟುವುದಿಲ್ಲ. ಆದ್ದರಿಂದ ಕಣಕಕ್ಕೆ ಎಣ್ಣೆ ಬೇಡ, ಒಂದು ಹನಿಯೂ ಬೇಡ.

ಅಳತೆ ಹೇಳುತ್ತೇನೆ. ಮೈದಾ 300 ಗ್ರಾಂ, ಅಂದರೆ ಸುಮಾರು ಎರಡೂವರೆ ಕಪ್. ನೀರು 150 ಮಿಲಿಲೀಟರ್, ಉಪ್ಪು ಎರಡು ಚಿಟಿಕೆ. ನೀರನ್ನು ಒಂದೇ ಸಲ ಸುರಿಯಬೇಡಿ. ಕೊನೆಯ ಎರಡು ಚಮಚ ಕೈಯಲ್ಲೇ ಇರಲಿ. ಮೊದಲು ಪುಡಿಪುಡಿಯಾಗಿ, ಒಣಗಿದ ಹಾಗೆ ಕಾಣುತ್ತದೆ. ಅಲ್ಲಿ ಎಲ್ಲರಿಗೂ ಕೈ ತಡೆಯುವುದಿಲ್ಲ, ನೀರು ಚಿಮುಕಿಸಿಬಿಡುತ್ತಾರೆ. ತಡೆದುಕೊಳ್ಳಿ. ಒಂದು ಮುದ್ದೆಗೆ ತಂದು, ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ನಾದಿದರೆ ಅದೇ ಹಿಟ್ಟು ರೇಷ್ಮೆ ಆಗಿರುತ್ತದೆ. ಆ ಹತ್ತು ನಿಮಿಷದಲ್ಲಿ ನೀರು ಹಿಟ್ಟಿನೊಳಗೆ ತಾನೇ ಹೋಗಿ ಕೂತಿರುತ್ತದೆ. ನಾದಿದ ಮೇಲೆ ಇನ್ನೊಂದು ಅರ್ಧ ಗಂಟೆ ಬಿಡಿ. ಚಪಾತಿ ಹಿಟ್ಟಿಗಿಂತ ಒಂದು ಕೈ ಗಟ್ಟಿ ಇರಬೇಕು. ಚೀನೀಯರು ಇದಕ್ಕೆ ಮೂರು ಹೊಳಪು ಅಂತ ಲೆಕ್ಕ ಇಟ್ಟಿದ್ದಾರೆ: ಪಾತ್ರೆ ಹೊಳೆಯಬೇಕು, ಕೈ ಹೊಳೆಯಬೇಕು, ಹಿಟ್ಟು ಹೊಳೆಯಬೇಕು. ಬೋಗುಣಿಯಲ್ಲಾಗಲಿ ಬೆರಳಲ್ಲಾಗಲಿ ಹಿಟ್ಟು ಮೆತ್ತಿಕೊಂಡಿದ್ದರೆ ಇನ್ನೂ ಹದಕ್ಕೆ ಬಂದಿಲ್ಲ.

ಬಿಸಿನೀರೋ ತಣ್ಣೀರೋ ಅನ್ನುವ ಜಗಳದಲ್ಲಿ ನಿಮ್ಮ ಯಜಮಾನರೂ ಸರಿ, ವಿಡಿಯೊದವರೂ ಸರಿ. ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ತಿಂಡಿಗೆ. ತಣ್ಣೀರಲ್ಲಿ ನಾದಿದಾಗ ಗೋಧಿಯ ಪ್ರೋಟೀನ್ ಒಂದಕ್ಕೊಂದು ಹೆಣೆದು ಬಲೆಯ ಹಾಗೆ ಆಗುತ್ತದೆ. ಎಳೆದರೆ ಹಿಂದಕ್ಕೆ ಜಗ್ಗುತ್ತದೆ, ಕುದಿತ ತಡೆಯುತ್ತದೆ. ಕುದಿಸುವ ಜಿಯಾವ್‌ಜಿಗೆ ಅದೇ ಬೇಕು. ಕುದಿಯುವ ನೀರು ಸುರಿದರೆ ಆ ಪ್ರೋಟೀನ್ ಬೆಂದು ಬಲೆ ಕಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಪಿಷ್ಟ ಮಾತ್ರ ಗಂಜಿಯ ಹಾಗೆ ಉಬ್ಬಿ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ. ಹಿಟ್ಟು ಮೃದು, ಜಗ್ಗುವುದಿಲ್ಲ, ಲಟ್ಟಿಸಿದಷ್ಟೇ ನಿಲ್ಲುತ್ತದೆ. ಹಬೆಯಲ್ಲಿ ಬೇಯಿಸುವುದಕ್ಕೂ ಪ್ಯಾನ್‌ನಲ್ಲಿ ತಳ ಗರಿಯಾಗಿಸುವ ಗ್ವೊಟಿಯೆಗೂ ಅದು ಚೆನ್ನ. ಅದನ್ನೇ ನೀರಲ್ಲಿ ಕುದಿಸಿದರೆ ಲೊಳಲೊಳ. ಬಿಸಿನೀರಿನ ಹಿಟ್ಟಿಗೆ ಅದೇ 300 ಗ್ರಾಂಗೆ 170-180 ಮಿಲಿಲೀಟರ್ ಹಿಡಿಯುತ್ತದೆ. ಸುರಿಯುವಾಗ ಕಡ್ಡಿಯಲ್ಲಿ ಕಲಕಿ, ಕೈ ಹಾಕಬೇಡಿ. ಮೊದಲ ಸಲಕ್ಕೆ ತಣ್ಣೀರಿನದೇ ಹಿಡಿಯಿರಿ. ಅದನ್ನು ಕುದಿಸಲೂ ಆಗುತ್ತದೆ, ಪ್ಯಾನ್‌ಗೂ ನಡೆಯುತ್ತದೆ. ಬಿಸಿನೀರಿನದಕ್ಕೆ ಆ ಅನುಕೂಲ ಇಲ್ಲ.

ಇನ್ನು ಲಟ್ಟಿಸುವುದು. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಅರ್ಧ ಗುಟ್ಟು ಇಲ್ಲೇ ಇದೆ. ಹಿಟ್ಟನ್ನು ಹೆಬ್ಬೆರಳು ಗಾತ್ರದ ಉದ್ದ ಸುರುಳಿ ಮಾಡಿ, ತಲಾ 10 ಗ್ರಾಂ ಬರುವ ಹಾಗೆ ತುಂಡು ಮಾಡಿ. ನಲವತ್ತೈದು ತುಂಡು ಸಿಗುತ್ತವೆ. ಒಂದೊಂದನ್ನೂ ಅಂಗೈಯಲ್ಲಿ ಒತ್ತಿ ಬಿಲ್ಲೆ ಮಾಡಿ. ಈಗ ನಿಮ್ಮ ಅಜ್ಜಿಯ ಕೈ ನೆನಪು ಮಾಡಿಕೊಳ್ಳಿ. ಅವರ ಲಟ್ಟಣಿಗೆ ನಮ್ಮದರ ಹಾಗೆ ಹೊಟ್ಟೆ ಉಬ್ಬಿದ್ದಲ್ಲ, ಎರಡು ಕಡೆ ಹಿಡಿಯೂ ಇಲ್ಲ. ಒಂದು ಗೇಣಿಗಿಂತ ಚೂರು ಉದ್ದದ ನೆಟ್ಟಗಿನ ಕೋಲು. ಬಲ ಅಂಗೈ ಕೋಲಿನ ಮೇಲೆ, ಎಡಗೈ ಬೆರಳು ಬಿಲ್ಲೆಯ ಅಂಚಿನಲ್ಲಿ. ಕೋಲು ಅಂಚಿನಿಂದ ನಡುವಿನವರೆಗೆ ಮಾತ್ರ ಹೋಗುತ್ತದೆ, ವಾಪಸ್ ಬರುತ್ತದೆ. ಬಂದ ತಕ್ಷಣ ಎಡಗೈ ಬಿಲ್ಲೆಯನ್ನು ಒಂದಿಷ್ಟು ತಿರುಗಿಸುತ್ತದೆ. ಹೋಗು, ಬಾ, ತಿರುಗು. ನಡುವನ್ನು ಕೋಲು ದಾಟುವುದೇ ಇಲ್ಲ. ಹಾಗಾಗಿ ನಡುವಿನಲ್ಲಿ ಸಣ್ಣ ದಿಬ್ಬ ಉಳಿಯುತ್ತದೆ, ಅಂಚು ತೆಳ್ಳಗಾಗುತ್ತದೆ. ಎಂಟೊಂಬತ್ತು ಸೆಂಟಿಮೀಟರ್ ಅಗಲ ಸಾಕು.

ಇದು ಶೋಕಿಗಲ್ಲ. ಮಡಿಸಿ ಒತ್ತಿದಾಗ ಅಂಚು ಎರಡು ಪದರ ಆಗುತ್ತದೆ, ಹೊಟ್ಟೆ ಒಂದೇ ಪದರ. ಎಲ್ಲ ಕಡೆ ಒಂದೇ ದಪ್ಪ ಲಟ್ಟಿಸಿದರೆ ಅಂಚು ಬೇಯುವ ಹೊತ್ತಿಗೆ ಹೊಟ್ಟೆ ಕರಗುತ್ತದೆ. ಹೊಟ್ಟೆ ಹದವಾಗಿದ್ದಾಗ ನೋಡಿದರೆ ಅಂಚು ಹಸಿ. ದೊಡ್ಡ ಚಪಾತಿ ಲಟ್ಟಿಸಿ ಡಬ್ಬಿ ಮುಚ್ಚಳದಲ್ಲಿ ಗುಂಡಗೆ ಕತ್ತರಿಸುವವರಿಗೆ ಈ ತೊಂದರೆ ತಪ್ಪದು. ಹಾಗೆ ಮಾಡಿಯೇ ತೀರಬೇಕು ಅಂದರೆ ಕತ್ತರಿಸಿದ ಮೇಲೆ ಅಂಚನ್ನಾದರೂ ಬೆರಳಲ್ಲಿ ಒತ್ತಿ ತೆಳ್ಳಗೆ ಮಾಡಿ. ಉದುರುಹಿಟ್ಟು ಕಡಿಮೆ ಬಳಸಿ. ಅಂಚಿನ ಮೇಲೆ ಒಣ ಹಿಟ್ಟು ಇದ್ದರೂ ಅಂಟುವುದಿಲ್ಲ.

ಹೂರಣಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ದೊಡ್ಡ ತಪ್ಪು ಇದೇ: ಬೆಳಿಗ್ಗೆ ಕಲಸಿಟ್ಟು ಸಂಜೆ ತುಂಬುವುದು. ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಮದುವೆ ಆರತಕ್ಷತೆಯ ದಿನ. ಮುನ್ನೂರು ಜಿಯಾವ್‌ಜಿ ಬೇಕಿತ್ತು. ಜಾಣತನ ಅಂದುಕೊಂಡು ಮಧ್ಯಾಹ್ನವೇ ಎಲೆಕೋಸು, ಮಾಂಸ, ಉಪ್ಪು, ಸೋಯಾ ಸಾಸ್ ಎಲ್ಲ ಸೇರಿಸಿ ಫ್ರಿಜ್‌ಗೆ ಇಟ್ಟೆ. ಸಂಜೆ ತೆಗೆದರೆ ಪಾತ್ರೆ ತಳದಲ್ಲಿ ಸಾರು ನಿಂತಿತ್ತು. ಅದನ್ನೇ ತುಂಬಿದೆವು. ಹಾಳೆಯ ತಳ ನೆಂದು ಒಂದೊಂದೂ ತಟ್ಟೆಗೆ ಕಚ್ಚಿಕೊಂಡಿತು. ಎತ್ತಿದರೆ ಹೊಟ್ಟೆ ತಟ್ಟೆಯಲ್ಲೇ ಉಳಿಯುತ್ತಿತ್ತು, ಕೈಗೆ ಬರುತ್ತಿದ್ದದ್ದು ಬರೀ ಟೋಪಿ. ಆ ರಾತ್ರಿ ಮಾಸ್ಟರ್ ತಿವಿಯಲೂ ಇಲ್ಲ, ಅದೇ ಜಾಸ್ತಿ ನೋವಾಯಿತು.

ಆದದ್ದು ಇಷ್ಟು. ಎಲೆಕೋಸಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರು. ಉಪ್ಪು ಬಿದ್ದ ಕೂಡಲೇ ಅದು ಹೊರಗೆ ಬರತೊಡಗುತ್ತದೆ. ಉಪ್ಪಿನಕಾಯಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ನೀರನ್ನು ನಾವೇ ಮೊದಲು ತೆಗೆದುಬಿಡಬೇಕು. 300 ಗ್ರಾಂ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಒಂದು ಚಮಚ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಪಂಚೆ ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಪೂರ್ತಿ ಒಣಗುವ ಹಾಗೆ ಹಿಂಡಿದರೆ ನಾರಿನ ಹಾಗಾಗುತ್ತದೆ, ಹನಿ ಬೀಳುವುದು ನಿಂತರೆ ಸಾಕು. ಹಿಂಡಿದ ನೀರು ಚೆಲ್ಲಬೇಡಿ. ಈಗ ತಮಾಷೆ ನೋಡಿ: ಎಲೆಕೋಸಿಂದ ತೆಗೆದ ನೀರನ್ನು ಮಾಂಸಕ್ಕೆ ಕುಡಿಸಬೇಕು.

ತಿಯಾನ್‌ಜಿನ್‌ನಲ್ಲಿ ನೀವು ತಿಂದದ್ದನ್ನು ಕಚ್ಚಿದಾಗ ಬಿಸಿ ರಸ ಬರುತ್ತಿತ್ತು, ಅಲ್ವಾ? ಅದು ಹೀಗೆ ಕುಡಿಸಿದ ನೀರು. 300 ಗ್ರಾಂ ಚಿಕನ್ ಖೀಮಾಗೆ ಸೋಯಾ ಸಾಸ್ ಒಂದು ದೊಡ್ಡ ಚಮಚ, ಜಜ್ಜಿದ ಶುಂಠಿ ಹಾಕಿ. ಎಲೆಕೋಸಿನ ನೀರು ಉಪ್ಪುಪ್ಪಾಗಿರುವುದರಿಂದ ಬೇರೆ ಉಪ್ಪು ಒಂದು ಚಿಟಿಕೆ ಸಾಕು. ಆ ನೀರನ್ನು ಒಂದೊಂದೇ ಚಮಚ ಹಾಕುತ್ತಾ ಕಡ್ಡಿಯಲ್ಲೋ ಕೈಯಲ್ಲೋ ರಭಸವಾಗಿ ತಿರುವಿ. ಹಾಕಿದ್ದು ಪೂರ್ತಿ ಹೀರಿಕೊಂಡ ಮೇಲೇ ಮುಂದಿನ ಚಮಚ. ಒಟ್ಟು ನಾಲ್ಕು ದೊಡ್ಡ ಚಮಚ ಹಿಡಿಯುತ್ತದೆ. ಉಪ್ಪು ಮತ್ತು ತಿರುವುವಿಕೆ ಸೇರಿ ಮಾಂಸದ ಪ್ರೋಟೀನ್ ಅಂಟಂಟಾಗಿ ನೀರನ್ನು ತನ್ನೊಳಗೆ ಕಟ್ಟಿಹಾಕುತ್ತದೆ. ಪಾತ್ರೆ ಬದಿಗೆ ಎಳೆದರೆ ನಾರುನಾರಾಗಿ ಅಂಟಬೇಕು, ಅದೇ ಗುರುತು. ಒಂದೇ ದಿಕ್ಕಿಗೆ ತಿರುವಬೇಕು ಅಂತ ಚೀನಾದಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಬೇಕಂತಲೇ ಎರಡೂ ದಿಕ್ಕಿಗೆ ತಿರುವಿ ನೋಡಿದ್ದೇನೆ, ಫರಕು ಕಾಣಲಿಲ್ಲ. ಮಾಸ್ಟರ್ ಎದುರಿಗೆ ಮಾತ್ರ ಒಂದೇ ದಿಕ್ಕು.

ಚಿಕನ್ ತೊಗೊಳ್ಳುವಾಗ ಎದೆ ಮಾಂಸ ಬೇಡ, ತೊಡೆಯದು ಕೇಳಿ. ಅಜ್ಜಿಯ ಮನೆಯಲ್ಲಿ ಇದ್ದದ್ದು ಬಹುಶಃ ಕೊಬ್ಬಿರುವ ಹಂದಿಮಾಂಸ. ಎದೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ ಇರುವುದರಿಂದ ಒಣಗಿ ಮರದಪುಡಿಯ ಹಾಗಾಗುತ್ತದೆ. ಎಲೆಕೋಸನ್ನು ಕೊನೆಯಲ್ಲಿ, ತುಂಬುವುದಕ್ಕೆ ಐದು ನಿಮಿಷ ಮುಂಚೆ ಸೇರಿಸಿ. ಸೇರಿಸುವ ಮುನ್ನ ಅದಕ್ಕೆ ಎರಡು ಚಮಚ ಎಣ್ಣೆ ಸವರಿ. ಎಣ್ಣೆಯ ಪೊರೆ ಇದ್ದರೆ ಉಪ್ಪು ಬೇಗ ನೀರು ಎಳೆಯುವುದಿಲ್ಲ. ಎಣ್ಣೆಗೆ ಜಾಗ ಇಲ್ಲಿ, ಕಣಕದಲ್ಲಲ್ಲ. ಎಳ್ಳೆಣ್ಣೆ ವಿಷಯ ಒಂದು ಎಚ್ಚರ: ಚೀನೀಯರದು ಹುರಿದ ಎಳ್ಳಿನದು, ಕಂದು ಬಣ್ಣ, ಒಂದು ಚಮಚಕ್ಕೇ ಮನೆಯೆಲ್ಲ ಘಮ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು. ಅದನ್ನು ಹಾಕಿದರೆ ಬೇರೆ ತಿಂಡಿ ಆಗುತ್ತದೆ.

ಅತ್ತೆಯವರಿಗೆ ಮಾಂಸ ಬೇಡ ಅಂದರೆ ಮೊಟ್ಟೆ, ಅದೂ ಬೇಡ ಅಂದರೆ ತೋಫು. ಮೊಟ್ಟೆಯನ್ನು ಪುಡಿಪುಡಿಯಾಗಿ ಹುರಿದು ಆರಿಸಿ, ಈರುಳ್ಳಿ ಹೂವಿನ ಹಸಿರು ಭಾಗ ಜೊತೆಗೆ ಬೆರೆಸಿ. ಅಲ್ಲಿ ಹಾಕುವುದು ಬೆಳ್ಳುಳ್ಳಿ ವಾಸನೆಯ ಚಪ್ಪಟೆ ಸೊಪ್ಪು. ಮೈಸೂರಲ್ಲಿ ಸಿಗದಿದ್ದರೆ ಈರುಳ್ಳಿ ಹೂವಿಗೆ ಎರಡೆಸಳು ಬೆಳ್ಳುಳ್ಳಿ ಸೇರಿಸಿ. ಮಾಂಸ ಇಲ್ಲದ ಹೂರಣ ಒಟ್ಟಿಗೆ ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಹೆಸರುಕಾಳಿನ ಪಿಷ್ಟದ ಗಾಜಿನಂಥ ಶ್ಯಾವಿಗೆ ನೆನೆಸಿ ಸಣ್ಣಗೆ ಕತ್ತರಿಸಿ ಹಾಕುತ್ತಾರೆ. ತರಕಾರಿ ಬಿಟ್ಟ ನೀರನ್ನೆಲ್ಲ ಅದು ಹೀರುತ್ತದೆ. ಉಪ್ಪು ಕಟ್ಟಕಡೆಗೆ.

ಮಡಿಸುವಾಗ ನೆರಿಗೆಯ ಚೆಂದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಹಾಳೆಗೆ ಹೂರಣ 12ರಿಂದ 15 ಗ್ರಾಂ, ಅಂದರೆ ಸಾಧಾರಣ ನೆಲ್ಲಿಕಾಯಿಯಷ್ಟು. ಜಾಸ್ತಿ ತುಂಬಿದವರ ಜಿಯಾವ್‌ಜಿಯೇ ಮೊದಲು ಬಾಯಿಬಿಡುವುದು. ಹೂರಣದ ಜಿಡ್ಡು ಅಂಚಿಗೆ ತಾಗಬಾರದು. ತಾಗಿದರೆ ನೀವು ಎಷ್ಟೇ ಒತ್ತಿದರೂ ಕುದಿನೀರಲ್ಲಿ ಅಲ್ಲೇ ಬಿಟ್ಟುಕೊಳ್ಳುತ್ತದೆ. ಚಮಚ ಬಿಟ್ಟು ಎರಡು ಕಡ್ಡಿಯಲ್ಲೋ ಸಣ್ಣ ಬೆಣ್ಣೆಚಾಕುವಿನಲ್ಲೋ ಇಟ್ಟು ಮೆಲ್ಲಗೆ ಒತ್ತಿ. ಮೊದಲು ನಡು ಸೇರಿಸಿ, ಆಮೇಲೆ ಎಡ, ಬಲ. ಸೇರಿಸುತ್ತಾ ಒಳಗಿನ ಗಾಳಿ ಆಚೆ ತಳ್ಳಿ. ಗಾಳಿ ಉಳಿದರೆ ಕುದಿಯುವಾಗ ಹಿಗ್ಗಿ ಬಲೂನಾಗುತ್ತದೆ. ಮನೆಯಲ್ಲಿ ಆಗತಾನೇ ಲಟ್ಟಿಸಿದ ಹಾಳೆಗೆ ಅಂಚಿಗೆ ನೀರು ಸವರುವುದು ಬೇಕಿಲ್ಲ. ಅಂಗಡಿಯ ರೆಡಿ ಹಾಳೆಗಾದರೆ ಬೇಕು, ಅದು ಒಣಗಿರುತ್ತದೆ. ರೆಡಿ ಹಾಳೆ ಬಳಸುವುದರಲ್ಲಿ ನಾಚಿಕೆ ಏನಿಲ್ಲ, ಸಮೋಸಾ ಪಟ್ಟಿ ಮಾತ್ರ ಇದಕ್ಕೆ ಆಗದು. ಮಾಡಿಟ್ಟ ಮೇಲೆ ಅರ್ಧ ಗಂಟೆಯೊಳಗೆ ಬೇಯಿಸಿ, ಇಲ್ಲ ಫ್ರೀಜರ್‌ಗೆ ಹಾಕಿ. ಫ್ರಿಜ್‌ನಲ್ಲಿ ಸಂಜೆವರೆಗೆ ಅನ್ನುವ ಮಧ್ಯದ ದಾರಿ ಇಲ್ಲ.

ಕುದಿಸಲು ನಿಮ್ಮ ಮನೆಯ ದೊಡ್ಡ ಪಾತ್ರೆ ತೆಗೆಯಿರಿ. ಇಪ್ಪತ್ತಕ್ಕೆ ಮೂರು ಲೀಟರ್ ನೀರಾದರೂ ಬೇಕು. ನೀರು ಕಡಿಮೆ ಇದ್ದರೆ ಜಿಯಾವ್‌ಜಿ ಬಿದ್ದ ತಕ್ಷಣ ತಣ್ಣಗಾಗುತ್ತದೆ, ಹಾಳೆ ಬೇಯುವುದಕ್ಕೆ ಮುಂಚೆ ಕರಗುತ್ತದೆ. ಹಾಕಿದ ಕೂಡಲೇ ಸೌಟಿನ ಬೆನ್ನಿನಿಂದ ಪಾತ್ರೆ ತಳವನ್ನು ಸವರಿದ ಹಾಗೆ ಒಂದು ಸುತ್ತು ನೂಕಿ. ಮೊದಲ ಅರ್ಧ ನಿಮಿಷದಲ್ಲಿ ತಳಕ್ಕೆ ಕಚ್ಚಿಕೊಂಡದ್ದು ಆಮೇಲೆ ಹರಿಯುತ್ತದೆ. ಕುದಿ ಬಂದಾಗ ಅರ್ಧ ಲೋಟ ತಣ್ಣೀರು ಹಾಕಿ. ಮತ್ತೆ ಕುದಿ, ಮತ್ತೆ ತಣ್ಣೀರು. ಒಟ್ಟು ಮೂರು ಸಲ. ಅಜ್ಜಿ ಹೀಗೆ ಮಾಡಿದ್ದನ್ನು ನೀವು ನೋಡಿರಬೇಕು. ಇದರಲ್ಲಿ ಮಂತ್ರ ಏನಿಲ್ಲ. ಸೌದೆ, ಕಲ್ಲಿದ್ದಲ ಒಲೆಯಲ್ಲಿ ಉರಿ ತಗ್ಗಿಸುವುದು ಕಷ್ಟ, ತಣ್ಣೀರು ಸುಲಭ. ಕೊತಕೊತ ಕುದಿತ ನಿಂತು ಹಾಳೆಗೆ ಪೆಟ್ಟು ಬೀಳುವುದಿಲ್ಲ, ಒಳಗಿನದಕ್ಕೆ ಬೇಯಲು ಸಮಯ ಸಿಗುತ್ತದೆ. ಗ್ಯಾಸ್ ಒಲೆಯಲ್ಲಿ ನೀವು ಉರಿ ಸಣ್ಣ ಮಾಡಿದರೂ ಅಷ್ಟೇ.

ಈಗ ಹಸಿ ಚಿಕನ್ ವಿಷಯ. ಅತ್ತೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಸತ್ಯ ಇದೆ. ಚಿಕನ್ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಜನ ಮೋಸ ಹೋಗುವುದು 'ತೇಲಿದರೆ ಬೆಂದಿದೆ' ಅನ್ನುವ ಮಾತಿಗೆ. ಒಳಗಿನ ಗಾಳಿ ಹಿಗ್ಗಿದರೂ ಅದು ತೇಲುತ್ತದೆ. ಆಗ ಹಾಳೆ ಬೆಂದಿರುತ್ತದೆ, ನಡುವಿನ ಮಾಂಸ ಇನ್ನೂ ಗುಲಾಬಿ ಇರಬಹುದು. ತೇಲಿದ ಮೇಲೆ ಇನ್ನೂ ಮೂರು ನಿಮಿಷ ಬಿಡಿ. ನೀರಿಗೆ ಹಾಕಿದ ಹೊತ್ತಿನಿಂದ ಲೆಕ್ಕ ಹಾಕಿದರೆ ಆರೇಳು ನಿಮಿಷ, ಫ್ರೀಜರ್‌ನಿಂದ ಬಂದದ್ದಾದರೆ ಎಂಟೊಂಬತ್ತು. ಪ್ರತಿ ಸರದಿಯಲ್ಲೂ ಎಲ್ಲಕ್ಕಿಂತ ದಪ್ಪನೆಯದೊಂದನ್ನು ಕತ್ತರಿಸಿ ನೋಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಚುಚ್ಚಿ ನೋಡಿ, ಜಗಳವೇ ಮುಗಿಯುತ್ತದೆ. ಮೊದಲೇ ಬೇಯಿಸಿದ ಚಿಕನ್ ತುಂಬಬಹುದಾ ಅಂತ ಕೇಳಿದರೆ, ತುಂಬಬಹುದು, ಭಯ ಇಲ್ಲ. ಆದರೆ ಅದು ನೀರು ಹಿಡಿಯುವುದಿಲ್ಲ, ರಸ ಇರುವುದಿಲ್ಲ, ತುತ್ತು ಬಾಯಲ್ಲಿ ಉದುರುತ್ತದೆ. ಎರಡು ವರ್ಷ ತಿಯಾನ್‌ಜಿನ್‌ನಲ್ಲಿ ತಿಂದ ಮಕ್ಕಳು ಒಪ್ಪುವುದು ಅನುಮಾನ. ಹಸಿ ಹೂರಣದ ರುಚಿ ನೋಡಬೇಕಾದರೆ ಒಂದು ಚೂರನ್ನು ಪ್ಯಾನ್‌ನಲ್ಲಿ ಬೇಯಿಸಿಯೇ ನೋಡಿ, ನಾಲಿಗೆಗೆ ಹಸಿಯಾಗಿ ತಾಗಿಸಬೇಡಿ. ಹಸಿ ಮಾಂಸ ಮುಟ್ಟಿದ ಕೈಯಲ್ಲಿ ಬೆಂದದ್ದನ್ನು ಎತ್ತಿಡುವುದೂ ಬೇಡ.

ಪ್ಯಾನ್‌ನಲ್ಲಿ ಮಾಡುವಾಗ ತಳ ಹಿಡಿದದ್ದರಲ್ಲಿ ನೆಂದ ಹಾಳೆಯ ಜೊತೆ ನಿಮ್ಮ ಅವಸರದ ಪಾಲೂ ಇದೆ. ದೋಸೆ ಹುಯ್ದ ತಕ್ಷಣ ಎತ್ತಲು ಹೋದರೆ ಏನಾಗುತ್ತದೆ? ಇದೂ ಹಾಗೇ, ಗರಿಯಾದ ಮೇಲೆ ತಾನೇ ಬಿಡುತ್ತದೆ. ಎಣ್ಣೆ ಕಾದ ಮೇಲೆ ಸಾಲಾಗಿ ಜೋಡಿಸಿ, ಎರಡು ನಿಮಿಷ ಮುಟ್ಟಬೇಡಿ. ತಳ ಹೊಂಬಣ್ಣಕ್ಕೆ ಬಂದಾಗ ಜಿಯಾವ್‌ಜಿಯ ಮೂರನೇ ಒಂದು ಭಾಗ ಮುಳುಗುವಷ್ಟು ಬಿಸಿನೀರು ಸುರಿದು ಗಟ್ಟಿಯಾಗಿ ಮುಚ್ಚಿ. ಸಿಡಿಯುತ್ತದೆ, ಮುಚ್ಚಳ ಇನ್ನೊಂದು ಕೈಯಲ್ಲೇ ಇರಲಿ. ಏಳೆಂಟು ನಿಮಿಷದ ಮೇಲೆ ಮುಚ್ಚಳ ತೆಗೆದು ಕಿವಿ ಕೊಡಿ. ಮೊದಲು ಗುಳುಗುಳು ಅನ್ನುತ್ತಿರುತ್ತದೆ. ನೀರು ಇಂಗಿದ ಮೇಲೆ ಸದ್ದು ಬದಲಾಗಿ ಚಿಟಪಟ ಅನ್ನುತ್ತದೆ. ಅದಾಗಿ ಒಂದು ನಿಮಿಷಕ್ಕೆ ತೆಗೆಯಿರಿ. ದೋಸೆ ಕಾವಲಿ ಇದಕ್ಕೆ ಬೇಡ, ನೀರು ನಿಲ್ಲುವುದಿಲ್ಲ. ಅಂಚಿರುವ ನಾನ್‌ಸ್ಟಿಕ್ ಅಥವಾ ಪಳಗಿದ ಕಬ್ಬಿಣದ ಪ್ಯಾನ್ ಇರಲಿ.

ಫ್ರೀಜರ್‌ನಲ್ಲಿ ಬಿರುಕು ಬಿಟ್ಟದ್ದಕ್ಕೆ ಎರಡು ಕಾರಣ. ಹೂರಣದಲ್ಲಿ ನಿಂತ ನೀರು ಹೆಪ್ಪುಗಟ್ಟುವಾಗ ಹತ್ತಿರ ಹತ್ತಿರ ಒಂಬತ್ತು ಪರ್ಸೆಂಟ್ ಹಿಗ್ಗುತ್ತದೆ, ಹಾಳೆ ಅಷ್ಟು ಹಿಗ್ಗುವುದಿಲ್ಲ. ಇನ್ನೊಂದು, ತೆರೆದಿಟ್ಟರೆ ಫ್ರೀಜರ್‌ನ ಗಾಳಿ ಹಾಳೆಯನ್ನು ಒಣಗಿಸುತ್ತದೆ. ಹಿಟ್ಟು ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗಿಟ್ಟು, ಕಲ್ಲಾದ ಕೂಡಲೇ ಚೀಲಕ್ಕೆ ತುಂಬಿ ಗಾಳಿ ತೆಗೆದು ಕಟ್ಟಿ. ರಾತ್ರಿಯಿಡೀ ತಟ್ಟೆಯಲ್ಲೇ ಬಿಡಬೇಡಿ. ಒಂದು ತಿಂಗಳೊಳಗೆ ಮುಗಿಸಿ. ಬೇಯಿಸುವಾಗ ಕರಗಿಸದೆ ನೇರ ಕುದಿನೀರಿಗೆ. ಫ್ರೀಜರ್‌ನಲ್ಲಿಟ್ಟರೆ ಕ್ರಿಮಿ ಸಾಯುತ್ತದೆ ಅನ್ನುವುದು ಸುಳ್ಳು, ಸುಮ್ನೆ ಮಲಗಿರುತ್ತದೆ ಅಷ್ಟೇ. ಹಾಗಾಗಿ ಬೇಯಿಸುವುದರಲ್ಲಿ ರಿಯಾಯಿತಿ ಇಲ್ಲ.

ಮೈದಾ ಕರುಳಿಗೆ ಅಂಟುತ್ತದಾ? ಇಲ್ಲ. ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗಂಜಿ ನೋಡಿ ಹುಟ್ಟಿದ ಮಾತು ಇರಬೇಕು. ಹೊಟ್ಟೆಗೆ ಹೋದ ಪಿಷ್ಟ ಸಣ್ಣ ಕರುಳಲ್ಲಿ ಸಕ್ಕರೆಯಾಗಿ ಒಡೆದು ರಕ್ತ ಸೇರುತ್ತದೆ. ನಿಜವಾದ ಲೆಕ್ಕ ಬೇರೆ. ಮೈದಾದಲ್ಲಿ ತೌಡು ಇಲ್ಲ, ಹಾಗಾಗಿ ನಾರು ಕಡಿಮೆ, ಸಕ್ಕರೆ ಬೇಗ ಏರುತ್ತದೆ. ಹತ್ತು ಜಿಯಾವ್‌ಜಿಯಲ್ಲಿ ಸುಮಾರು 65 ಗ್ರಾಂ ಮೈದಾ, ಅಂದರೆ 50 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್. ಎರಡು-ಮೂರು ಚಪಾತಿಯ ಲೆಕ್ಕ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಆರಕ್ಕೆ ನಿಲ್ಲಿಸಿ, ಜೊತೆಗೆ ಒಂದು ಬಟ್ಟಲು ಸೌತೆಕಾಯಿ ಕೊಡಿ. ಗೋಧಿಹಿಟ್ಟು ಕಾಲು ಭಾಗ ಬೆರೆಸಿದರೆ ನಡೆಯುತ್ತದೆ, ನೀರು ಚೂರು ಜಾಸ್ತಿ ಬೇಕು. ಪೂರ್ತಿ ಗೋಧಿಹಿಟ್ಟಲ್ಲಿ ಮಾಡಿದರೆ ತೌಡಿನ ಚೂರು ಆ ಪ್ರೋಟೀನ್ ಬಲೆಯನ್ನು ಕತ್ತರಿಸುತ್ತದೆ, ಹಾಳೆ ತೆಳ್ಳಗಾಗುವ ಮೊದಲೇ ಹರಿಯುತ್ತದೆ.

ಅಜಿನೊಮೊಟೊ ಅನ್ನುವುದು ಕಂಪನಿಯ ಹೆಸರು, ವಸ್ತು ಮೊನೊಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಅವರು ಕೊಂಬು ಅನ್ನುವ ಕಡಲಸೊಪ್ಪಿನ ಸಾರಿನಲ್ಲಿ ಈ ರುಚಿಯ ಮೂಲ ಹುಡುಕಿದರು. ಹಣ್ಣಾದ ಟೊಮೆಟೊದಲ್ಲೂ ಅದೇ ಗ್ಲುಟಮೇಟ್ ಇದೆ. ಭಯ ಶುರುವಾದದ್ದು 1968ರಲ್ಲಿ. ಚೀನೀ ಹೋಟೆಲಲ್ಲಿ ಉಂಡ ಮೇಲೆ ಕತ್ತು ಮರಗಟ್ಟುತ್ತದೆ ಅಂತ ವೈದ್ಯರೊಬ್ಬರು ಅಮೆರಿಕದ ವೈದ್ಯಕೀಯ ಪತ್ರಿಕೆಗೆ ಬರೆದ ಒಂದು ಕಾಗದ. ಅದರಲ್ಲಿ ಅವರು ಸೋಯಾ ಸಾಸ್, ಅಡುಗೆಯ ವೈನ್‌ಗಳನ್ನೂ ಅನುಮಾನಿಸಿದ್ದರು. ಜನ ಹಿಡಿದುಕೊಂಡದ್ದು ಇದೊಂದನ್ನೇ. ಖಾಲಿ ಹೊಟ್ಟೆಯಲ್ಲಿ ಮೂರು ಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಒಂದೇ ಸಲ ತಿಂದಾಗ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಬೆವರು ಬರಬಹುದು. ನಾಲ್ಕು ಜನರ ಹೂರಣಕ್ಕೆ ಹಾಕುವುದು ಕಾಲು ಚಮಚ. ವಿಷ ಅಲ್ಲ. ಹಾಗಂತ ಹಾಕಲೇಬೇಕು ಅಂತಲೂ ಇಲ್ಲ. ಒಣ ಶಿಟಾಕೆ ಅಣಬೆ ಎರಡು ನೆನೆಸಿ ಕೊಚ್ಚಿ ಹಾಕಿ, ಆ ರುಚಿ ತಾನೇ ಬರುತ್ತದೆ.

ಅಜ್ಜಿಯ ಡಬ್ಬಿ ವಿಷಯ ಕೊನೆಗೆ ಇಟ್ಟುಕೊಂಡೆ. ಅರ್ಥ ಇತ್ತು. ಉತ್ತರ ಚೀನಾದಲ್ಲಿ ಒಂದು ಗಾದೆ ಇದೆ: ಗಾಡಿ ಹತ್ತುವಾಗ ಜಿಯಾವ್‌ಜಿ, ಇಳಿದಾಗ ನೂಡಲ್ಸ್. ಊರು ಬಿಟ್ಟು ಹೊರಟವರಿಗೆ ಜಿಯಾವ್‌ಜಿ ತಿನ್ನಿಸಿ ಕಳಿಸುತ್ತಾರೆ. ಅದರ ಆಕಾರ ಹಳೇ ಕಾಲದ ಬೆಳ್ಳಿ-ಬಂಗಾರದ ಗಟ್ಟಿಯ ಹಾಗೆ, ಹೋದ ಕಡೆ ಸುಖವಾಗಿ, ದುಡ್ಡು ಕಾಸು ಕೂಡಿ ಇರಲಿ ಅಂತ. ವಾಪಸ್ ಬಂದವರಿಗೆ ಉದ್ದನೆಯ ನೂಡಲ್ಸ್, ಕಾಲಿಗೆ ಸುತ್ತಿಕೊಂಡು ಮತ್ತೆ ಹೊರಡದ ಹಾಗೆ ಕಟ್ಟಿಹಾಕಲಿ ಅಂತ. ನೀವು ವಾಪಸ್ ಹೋಗುವುದಿಲ್ಲ ಅಂತ ಅಜ್ಜಿಗೆ ಗೊತ್ತಿತ್ತೋ ಇಲ್ಲವೋ. ನಿಮ್ಮಲ್ಲಿ ಅವರ ಫೋನ್ ನಂಬರ್ ಇದ್ದರೆ, ಐದನೇ ಸಲ ಮಾಡಿದಾಗ ಒಂದು ಫೋಟೊ ಕಳಿಸಿ. ಬಾಯಿಬಿಟ್ಟದ್ದೂ ಒಂದೆರಡು ತಟ್ಟೆಯಲ್ಲಿ ಇದ್ದರೆ ಪರವಾಗಿಲ್ಲ. 'ಜೆಂಗ್' ಅಂತ ಬರೆಯಿರಿ, ಅವರಿಗೆ ತಿಳಿಯುತ್ತದೆ.